ಹೋಲ್ಗಾದ ಮೊದಲ ರೋಲ್: 12ರಲ್ಲಿ 9 ಹಾಳು, ಆದ್ರೂ ಎಸೆಯೋಕೆ ಮನಸ್ಸಿಲ್ಲ

ಘಾಟ್‌ಕೋಪರ್ ಗುಬ್ಬಿ

ಎಲ್ಲರಿಗೂ ನಮಸ್ಕಾರ. ಊರು ಬಿಟ್ಟು ಬಂದ ಕನ್ನಡಿಗರ ಈ ಗುಂಪಿನಲ್ಲಿ ಸಾಮಾನ್ಯವಾಗಿ ಬಾಡಿಗೆ ಮನೆ, ಊರಿನ ಬಸ್ಸು, ಒಳ್ಳೆ ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತೆ, ಇಂಥದ್ದೇ ಮಾತು. ಅದರ ಮಧ್ಯೆ ಇದೊಂದು ಇರಲಿ.

ಕಳೆದ ತಿಂಗಳು ಬೋರಾ ಬಜಾರಿನಲ್ಲಿ ಸುತ್ತುವಾಗ ಒಂದು ಹಳೇ ಹೋಲ್ಗಾ 120ಎನ್ ಕ್ಯಾಮೆರಾ ಸಿಕ್ಕಿತು. ಕೈಯಲ್ಲಿ ಹಿಡಿದರೆ ಜಾತ್ರೆಯಲ್ಲಿ ಕೊಂಡ ಆಟಿಕೆಯ ಹಾಗಿದೆ. ಬಾಡಿ ಪ್ಲಾಸ್ಟಿಕ್, ಲೆನ್ಸೂ ಪ್ಲಾಸ್ಟಿಕ್. ಬ್ಯಾಟರಿ ಇಲ್ಲ, ಬೆಳಕು ಅಳೆಯುವ ಮೀಟರ್ ಇಲ್ಲ. ಶಟರ್‌ಗೆ ಒಂದೇ ವೇಗ, ಸುಮಾರು 1/100 ಸೆಕೆಂಡು. ಲೆನ್ಸಿನ ಸುತ್ತ ನಾಲ್ಕು ಗುರುತುಗಳಿವೆ: ಒಬ್ಬ ಮನುಷ್ಯ, ಒಂದು ಸಂಸಾರ, ಒಂದು ಗುಂಪು, ಒಂದು ಬೆಟ್ಟ. ಅದನ್ನು ತಿರುಗಿಸಿದರೆ ಫೋಕಸ್ ಆಯಿತು ಅಂತ ಲೆಕ್ಕ. ಘಾಟ್‌ಕೋಪರಿನಲ್ಲಿ ನನಗೆ ಬೆಟ್ಟ ಎಲ್ಲಿ ಸಿಗಬೇಕು ಹೇಳಿ.

ಅಮ್ಮ ಶಿವಮೊಗ್ಗದಿಂದ ಬಂದಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ದಾದರ್ ಹೂವಿನ ಮಾರ್ಕೆಟ್ಟಿಗೆ ಹೋದೆ. ಅಲ್ಲಿಂದ ಮಾಟುಂಗಾ, ಆಮೇಲೆ ಫೈವ್ ಗಾರ್ಡನ್ಸ್. ಕಲರ್ ರೋಲ್ ಹಾಕಿದ್ದೆ. 12 ಫೋಟೋ. ಡೆವಲಪ್ ಆಗಿ ಬಂದ ಮೇಲೆ ನೋಡಿದರೆ ಎರಡು ಪೂರ್ತಿ ಕಪ್ಪು. ಲೆನ್ಸಿನ ಕ್ಯಾಪ್ ತೆಗೆದೇ ಇರಲಿಲ್ಲ. ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ, ಹಾಗಾಗಿ ಕ್ಯಾಪ್ ಇದ್ದರೂ ಗೊತ್ತೇ ಆಗುವುದಿಲ್ಲ. ಇನ್ನು ಮೂರು ಅಲುಗಾಡಿವೆ. ಲೆನ್ಸಿನ ಕೆಳಗಿನ ಸಣ್ಣ ಗುಂಡಿ ಯಾವಾಗಲೋ ಸರಿದು 'ಬಿ'ಗೆ ಹೋಗಿತ್ತು. ಆಗ ಬೆರಳು ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದೇ ಇರುತ್ತದೆ. ಮತ್ತೆ ಮೂರರಲ್ಲಿ ಅಂಚಿನಿಂದ ಕಿತ್ತಳೆ ಬಣ್ಣದ ಗೆರೆ ನುಗ್ಗಿದೆ. ಒಂದರಲ್ಲಿ ಫಿಲ್ಮ್ ಮುಂದಕ್ಕೆ ತಿರುಗಿಸಲು ಮರೆತು ಎರಡು ಸಲ ಒತ್ತಿದ್ದೇನೆ. ಚೆಂಡುಹೂವಿನ ರಾಶಿಯ ಮೇಲೆ ಅಮ್ಮನ ಮುಖ ಬಂದು ಕೂತಿದೆ. ಅರ್ಧ ಕೆನ್ನೆ ಹೂವು, ಅರ್ಧ ಕೆನ್ನೆ ಅಮ್ಮ.

ಸರಿಯಾಗಿ ಬಂದ ಮೂರು ಫೋಟೋ ಸಪ್ಪೆ. ಈ ಹೂವಿನ ಅಮ್ಮನನ್ನು ಮಾತ್ರ ದಿನಕ್ಕೆ ಹತ್ತು ಸಲ ನೋಡುತ್ತಿದ್ದೇನೆ. ಫೋಟೋ ಅಂದರೆ ಮುಖ ಬಿಗಿದುಕೊಳ್ಳುವ ಅಮ್ಮನೂ ಇದನ್ನು ನೋಡಿ "ಇದ್ಯಾರೇ?" ಅಂತ ನಕ್ಕಳು.

ನನ್ನ ಪ್ರಶ್ನೆ ಎರಡು. ಒಂದು, ಆ ಕಿತ್ತಳೆ ಗೆರೆ ನಿಲ್ಲಿಸುವುದು ಹೇಗೆ? ಎರಡು, ಹಾಳಾದದ್ದನ್ನು ನೋಡಿ ಖುಷಿಪಡುವುದು ನನಗೆ ನಾನೇ ಮೋಸ ಮಾಡಿಕೊಂಡ ಹಾಗಾ?

ಕಲ್ಯಾಣ್ ಸ್ಲೋ

ಘಾಟ್‌ಕೋಪರಿನಲ್ಲಿ ಬೆಟ್ಟ ಇಲ್ವಾ? ಮೆಟ್ರೋ ಹತ್ತಿ ಎರಡನೇ ಸ್ಟೇಷನ್ ಅಸಲ್ಫಾ. ಗುಡ್ಡದ ತುಂಬ ಬಣ್ಣ ಬಳಿದ ಮನೆ. ಗುರುತು ಬೆಟ್ಟಕ್ಕೆ ತಿರುಗಿಸಿ, ಕ್ಯಾಪ್ ತೆಗೆದು, ಒತ್ತಿ.

ಐರೋಲಿ ಐಟಿ

ಫೋನಿನಲ್ಲಿ ಇದಕ್ಕೆ ಫಿಲ್ಟರ್ ಇದೆ. ಗೆರೆ, ಮಬ್ಬು, ಎರಡು ಫೋಟೋ ಒಂದರ ಮೇಲೊಂದು, ಎಲ್ಲಾ ಬಿಟ್ಟಿ. ರೋಲು, ಡೆವಲಪ್, ಸ್ಕ್ಯಾನ್ ಸೇರಿ ಎಷ್ಟಾಯಿತು, ನಿಜ ಹೇಳಿ?

ಘಾಟ್‌ಕೋಪರ್ ಗುಬ್ಬಿ

ಸಾವಿರ ದಾಟಿತು. ಮನೆಯಲ್ಲಿ ಆರುನೂರು ಅಂದಿದ್ದೇನೆ.

ಸ್ಟುಡಿಯೋ ಮಾಮ, ಡೊಂಬಿವಲಿ

ತಂಗಿ, ಬೇಜಾರು ಮಾಡಿಕೊಳ್ಳಬೇಡಿ, ನೇರ ಹೇಳುತ್ತೇನೆ. ನಾನು ಕುಂದಾಪುರ ಕಡೆಯವನು. ಡೊಂಬಿವಲಿಯಲ್ಲಿ 24 ವರ್ಷ ಸ್ಟುಡಿಯೋ ಇಟ್ಟಿದ್ದೆ. ಅದಕ್ಕೂ ಮೊದಲು ಒಬ್ಬ ಧಣಿಯ ಡಾರ್ಕ್‌ರೂಮಿನಲ್ಲಿ ಕೆಲಸ. ಮದುವೆ ರೋಲಿನ ಒಂದು ಫ್ರೇಮಿಗೆ ಲೈಟ್ ಹೊಡೆದರೂ ಸಂಬಳದಲ್ಲಿ ಹಿಡಿಯುತ್ತಿದ್ದರು. ನೀವೆಲ್ಲ ಈಗ ಆ ಲೈಟ್ ಹೊಡೆದದ್ದಕ್ಕೇ ದುಡ್ಡು ಕೊಡುತ್ತೀರಿ ಅಂದರೆ ನನಗೆ ನಗು ಬರುತ್ತದೆ ಮಾರಾಯ್ರೆ.

ಒಂದು ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ನನ್ನ ಫ್ಲ್ಯಾಶ್ ಕೈಕೊಟ್ಟಿತು. ಧಾರೆ ಇನ್ನೊಂದು ಸಲ ಎರೆಯಲು ಆಗುವುದಿಲ್ಲವಲ್ಲ. ಹುಡುಗಿಯ ಅಪ್ಪ ಆಲ್ಬಮ್ ನೋಡಿ ಏನೂ ಬೈಯಲಿಲ್ಲ. ಸುಮ್ನೆ ಆ ಖಾಲಿ ಪುಟದ ಮೇಲೆ ಕೈ ಇಟ್ಟುಕೊಂಡು ಕೂತರು. ಬೈದಿದ್ದರೆ ಒಳ್ಳೆಯದಿತ್ತು. ಅವರ ಹತ್ತಿರ ಹೋಗಿ "ಇದು ಕಲೆ" ಅನ್ನಲು ಆಗುತ್ತಿತ್ತಾ?

ಕ್ಯಾಪ್ ತೆಗೆಯದೆ ಇದ್ದದ್ದು ಮರೆವು. ಅದಕ್ಕೆ ದೊಡ್ಡ ಹೆಸರು ಕೊಡಬೇಡಿ.

ಪುಣೆ ಜೂನಾ ಬಜಾರ್

ಮಾಮಾ ಅವರೇ, ನಿಮ್ಮ ಮಾತು ಖರೇ ಐತಿ. ಆದರೆ ಹೋಲ್ಗಾ ಕೂಡ ಯಾರೂ 'ಕಲೆ' ಅಂತ ಮಾಡಿದ್ದಲ್ಲ, ಅದನ್ನು ಹೇಳಲೇಬೇಕು.

ಇದು ಹಾಂಗ್‌ಕಾಂಗ್‌ನ ಮಾಲು, 1982ರಲ್ಲಿ ಹೊರಬಂತು. ಟಿ. ಎಂ. ಲೀ ಅನ್ನುವವರು ರೂಪಿಸಿದ್ದು. ಆಗ ಚೀನಾದಲ್ಲಿ 120 ರೋಲ್, ಅಂದರೆ ಈ ಅಗಲದ ಫಿಲ್ಮ್, ಸುಲಭವಾಗಿ ಸಿಗುತ್ತಿತ್ತು. ಸಾಮಾನ್ಯ ಸಂಸಾರದವರೂ ಮಕ್ಕಳ ಫೋಟೋ ತೆಗೆದುಕೊಳ್ಳಲಿ ಅಂತ ಅಗ್ಗದ ಕ್ಯಾಮೆರಾ ಮಾಡಿದರು. ಗುರುತಿನಲ್ಲಿ ಸಂಸಾರದ ಚಿತ್ರ ಇರುವುದು ಅದಕ್ಕೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಹೆಸರು ಬಂದದ್ದು ಕ್ಯಾಂಟನೀಸ್‌ನ 'ಹೋ ಗ್ವಾಂಗ್' ಎಂಬ ಮಾತಿನಿಂದ. 'ಬಲು ಬೆಳಕು' ಅಂತ ಅರ್ಥ. ಇದರ ಲೆನ್ಸಿನೊಳಗೆ ಬೆಳಕು ನುಗ್ಗಲು ಒದ್ದಾಡುತ್ತದೆ, ಹೆಸರು ಮಾತ್ರ ಬಲು ಬೆಳಕು! ಅಷ್ಟರಲ್ಲಿ 35 ಎಂಎಂ ಫಿಲ್ಮ್ ಎಲ್ಲ ಕಡೆ ಹರಡಿತು, ಊರಿನಲ್ಲಿ ಇದನ್ನು ಕೇಳುವವರು ಇಲ್ಲವಾದರು. ದೂರದ ದೇಶದ ಫೋಟೋಗ್ರಾಫರ್‌ಗಳು ಇದರ ಕಪ್ಪು ಮೂಲೆ, ಮಬ್ಬು ಅಂಚು, ಬೆಳಕಿನ ಸೋರಿಕೆ ಮೆಚ್ಚಿ ಕೊಂಡರು. 2015ರಲ್ಲಿ ತಯಾರಿಕೆ ನಿಂತಿತ್ತು, 2017ರಲ್ಲಿ ಮತ್ತೆ ಶುರುವಾಯಿತು. ಇದಕ್ಕೂ ಹಿಂದಿನದು ಡಯಾನಾ, 1960ರ ದಶಕದ್ದು, ಅದೂ ಹಾಂಗ್‌ಕಾಂಗ್‌ನದೇ.

ಇನ್ನೊಂದು ತಮಾಷೆ. ಹೋಲ್ಗಾದಲ್ಲಿ ಬಿಸಿಲು ಮತ್ತು ಮೋಡ ಅಂತ ಒಂದು ಸ್ವಿಚ್ ಇದೆ. ಹಳೆಯವುಗಳಲ್ಲಿ ಅದನ್ನು ಎತ್ತ ತಳ್ಳಿದರೂ ಒಂದೇ. ಒಳಗೆ ಅಡ್ಡ ಬರುವ ತಗಡಿನ ತೂತು ಲೆನ್ಸಿನ ತೂತಿಗಿಂತ ದೊಡ್ಡದು! ಜನ ಮಾತ್ರ ವರ್ಷಾನುಗಟ್ಟಲೆ ಆಕಾಶ ನೋಡಿ ನೋಡಿ ಸ್ವಿಚ್ ಹಾಕಿದರು.

ಈಗ ಗುಬ್ಬಿಯವರ ಗೆರೆಗೆ ಮದ್ದು. ಹಿಂದಿನ ಮುಚ್ಚಳದ ಸಂದಿಗೆ, ಎರಡೂ ಪಕ್ಕದ ಲೋಹದ ಕ್ಲಿಪ್ಪಿನ ಮೇಲೆ, ಕಪ್ಪು ಟೇಪ್ ಸುತ್ತಿ. ವೈರಿನ ಟೇಪ್ ಬೇಡ, ಮುಂಬೈ ಸೆಕೆಗೆ ಅದರ ಗೋಂದು ಕರಗಿ ಕೈಗೆಲ್ಲ ಅಂಟುತ್ತದೆ. ಬಟ್ಟೆಯ ಟೇಪ್ ತೊಗೊಳ್ಳಿ. ಹಿಂದೆ ನಂಬರ್ ನೋಡುವ ಕೆಂಪು ಕಿಂಡಿ ಇದೆಯಲ್ಲ, ಅದಕ್ಕೂ ಒಂದು ತುಂಡು ಹಚ್ಚಿ. ಫಿಲ್ಮ್ ತಿರುಗಿಸುವಾಗ ಮಾತ್ರ ನೆರಳಿನಲ್ಲಿ ಎತ್ತಿ ನೋಡಿ. ಮುಖ್ಯವಾದದ್ದು ಇನ್ನೊಂದು: ನಿಮ್ಮ ಗೆರೆ ಅಂಚಿನಿಂದ ಬಂದಿದೆ ಅಂದರೆ ರೋಲ್ ಸಡಿಲವಾಗಿ ಸುತ್ತಿಕೊಂಡಿರಬೇಕು. ಸ್ಪೂಲಿನ (ಫಿಲ್ಮ್ ಸುತ್ತಿಕೊಳ್ಳುವ ಉರುಳೆಯ) ಕೆಳಗೆ ಫಿಲ್ಮ್ ಡಬ್ಬದ ರಟ್ಟನ್ನು ಮಡಚಿ ಇಟ್ಟರೆ ಬಿಗಿಯಾಗಿ ಸುತ್ತುತ್ತದೆ. ಮುಗಿದ ರೋಲನ್ನು ಬಿಸಿಲಿನಲ್ಲಿ ಹೊರಗೆ ತೆಗೆಯಬೇಡಿ.

ಘಾಟ್‌ಕೋಪರ್ ಗುಬ್ಬಿ

ಬಿಸಿಲಿನಲ್ಲೇ ತೆಗೆದೆ. ಫೈವ್ ಗಾರ್ಡನ್ಸಿನ ಬೆಂಚಿನ ಮೇಲೆ, ಅಮ್ಮನ ಕೈಗೆ ಕೊಟ್ಟು "ಇದನ್ನ ಸ್ವಲ್ಪ ಹಿಡ್ಕೋ" ಅಂದೆ. ಅವಳು ಅದನ್ನು ಹೂವಿನ ಚೀಲಕ್ಕೆ ಹಾಕಿದಳು. ಈಗ ಅರ್ಥವಾಯಿತು.

ಐರೋಲಿಯವರೇ, ಫಿಲ್ಟರ್ ವಿಚಾರ ಯೋಚಿಸಿದೆ. ಹೂವಿನ ಫೋಟೋ, ಅಮ್ಮನ ಫೋಟೋ ಎರಡನ್ನೂ ಫೋನಿನಲ್ಲಿ ಸೇರಿಸಿಯೂ ನೋಡಿದೆ. ಚೆನ್ನಾಗಿಯೇ ಬಂತು. ಆದರೆ ಹೂವು ಎಲ್ಲಿ ಬರಬೇಕು ಅಂತ ನಾನು ಎಳೆದೆಳೆದು ಕೂರಿಸಿದ್ದೆ. ಅಮ್ಮನಿಗೆ ತೋರಿಸಿದರೆ "ಚೆನ್ನಾಗಿದೆ" ಅಂದಳು, ಅಷ್ಟೇ. ನಗಲಿಲ್ಲ.

ಐರೋಲಿ ಐಟಿ

ಸರಿ, ಅಮ್ಮ ನಗಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸಾವಿರ ರೂಪಾಯಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಅದೇ.

ಮಡಗಾಂವ್ ಮೀನುಸಾರು

ನಾನು ಇನ್‌ಸ್ಟಾಕ್ಸ್ ಪಾರ್ಟಿ, ಒತ್ತಿದ ಕೂಡಲೇ ಫೋಟೋ ಹಾಳೆ ಹೊರಬರುವ ಕ್ಯಾಮೆರಾ. ಮಿನಿ 9, ತಿಳಿ ನೀಲಿ ಬಣ್ಣದ್ದು, ಮಗಳ ಹುಟ್ಟುಹಬ್ಬಕ್ಕೆ ತಂದು ನಾನೇ ಇಟ್ಟುಕೊಂಡದ್ದು. ಒಂದು ಪ್ಯಾಕಿನಲ್ಲಿ 10 ಹಾಳೆ. ಚಿತ್ರ ಬರೀ 62 ಇಂಟು 46 ಮಿಲಿಮೀಟರ್, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು.

ಇದರ ತಪ್ಪುಗಳು ಬೇರೆ ಜಾತಿ. ಶಟರ್ 1/60 ಸೆಕೆಂಡಿಗೆ ನಿಂತಿದೆ. ಫ್ಲ್ಯಾಶ್ ಬೇಡ ಅಂದರೂ ಬಿಡುವುದಿಲ್ಲ, ನಡು ಮಧ್ಯಾಹ್ನವೂ ಹೊಡೆಯುತ್ತದೆ. ಕೋಲ್ವಾ ಬೀಚಿನಲ್ಲಿ ಸೂರ್ಯ ಮುಳುಗುವಾಗ ಹೆಂಡತಿಯನ್ನು ನಿಲ್ಲಿಸಿ ತೆಗೆದೆ. ಸೂರ್ಯ ಇಲ್ಲ, ಸಮುದ್ರವೂ ಇಲ್ಲ. ಕಪ್ಪು ಪರದೆಯ ಮುಂದೆ ಬೆಳ್ಳಗೆ ಹೆಂಡತಿ. ಅವಳು ಹೇಳಿದ್ದು: "ಇದಕ್ಕೆ ಬೀಚಿಗೆ ಯಾಕೆ ಬರಬೇಕಿತ್ತು, ಬಚ್ಚಲಲ್ಲೇ ತೆಗೀಬಹುದಿತ್ತು."

ಆದರೆ ಒಂದು ದಿನ ಮಡಗಾಂವ್ ಗಾಂಧಿ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಒಬ್ಬ ಅಜ್ಜಿಯ ಫೋಟೋ ತೆಗೆದೆ. ಗದಗ ಕಡೆಯವರು. ಗೋವಾದಲ್ಲಿ ನಮ್ಮ ಜನ ಎಷ್ಟಿದ್ದಾರೆ ನಿಮಗೆ ಗೊತ್ತಲ್ಲ, ಗೋಡೆ ಕಟ್ಟುವವರಿಂದ ಹಿಡಿದು ಸೊಪ್ಪು ಮಾರುವವರವರೆಗೆ. ನಾನು ತೀರಾ ಹತ್ತಿರ ನಿಂತಿದ್ದೆ. 60 ಸೆಂಟಿಮೀಟರ್‌ಗಿಂತ ಹತ್ತಿರ ಹೋದರೆ ಫೋಕಸ್ ಸಿಗುವುದಿಲ್ಲ, ಜೊತೆಗೆ ಫ್ಲ್ಯಾಶ್ ಮುಖವನ್ನೆಲ್ಲ ಬಿಳಿಮಾಡುತ್ತದೆ. ಹಾಳೆ ಹೊರಗೆ ಬಂತು, ಇಬ್ಬರೂ ಕಾದೆವು. ಒಂದೂವರೆ ನಿಮಿಷ ಕಾಯುವಾಗ ಅಜ್ಜಿ ಗಿರಾಕಿಯನ್ನೂ ನಿಲ್ಲಿಸಿದಳು. ಬಂದ ಮೇಲೆ ನೋಡಿದರೆ ಮುಖ ಪೂರ್ತಿ ಹಾಲು. ಅಜ್ಜಿ ಬಿದ್ದು ಬಿದ್ದು ನಕ್ಕಳು: "ಅಯ್ಯ ತಮ್ಮಾ, ನಾ ಇಷ್ಟು ಬೆಳ್ಳಗ ಯಾವಾಗ ಆಗಿದ್ದೆ!"

ಇನ್ನೊಂದು ತೆಗೆಯುತ್ತೇನೆ ಅಂದೆ. ಬೇಡ ಅಂದಳು. ಫೋನಿನಲ್ಲಿ ತೆಗೆದವರೆಲ್ಲ ತೊಗೊಂಡು ಹೋಗುತ್ತಾರೆ, ಇದು ನನ್ನ ಹತ್ತಿರ ಇರುತ್ತದೆ ಅಂದಳು. ಈಗಲೂ ಅವಳ ತಕ್ಕಡಿಯ ಹಿಂದಿನ ಗೋಡೆಗೆ ಅಂಟಿದೆ. ಸಾಕಷ್ಟು ಬಿಸಿಲು ತಿಂದು ಮುಖ ಇನ್ನೂ ಬೆಳ್ಳಗಾಗಿದೆ.

ಕಲ್ಯಾಣ್ ಸ್ಲೋ

ಹಾಳೆ ಬಂದ ತಕ್ಷಣ ಗಾಳಿಯಲ್ಲಿ ಅಲ್ಲಾಡಿಸಬೇಕು ಅಲ್ವಾ?

ಮಡಗಾಂವ್ ಮೀನುಸಾರು

ಬೇಡ ಮಾರಾಯ. ಅದು ಹಳೇ ಕಾಲದ, ಪದರ ಸುಲಿಯುವ ಹಾಳೆಯ ಅಭ್ಯಾಸ. ಅದರ ಮೈ ಒದ್ದೆ ಇರುತ್ತಿತ್ತು, ಒಣಗಲಿ ಅಂತ ಬೀಸುತ್ತಿದ್ದರು. ಈಗಿನದರಲ್ಲಿ ರಸಾಯನ ಹಾಳೆಯ ಒಳಗೇ ಒಂದು ಪೊಟ್ಟಣದಲ್ಲಿದೆ. ಹೊರಗೆ ಬರುವಾಗ ಎರಡು ರೋಲರ್ ಆ ಪೊಟ್ಟಣ ಒಡೆದು ಸಮನಾಗಿ ಹರಡುತ್ತವೆ. ಅಲ್ಲಾಡಿಸಿದರೆ, ಬಗ್ಗಿಸಿದರೆ ಗೆರೆ ಬೀಳಬಹುದು. ಎಲ್ಲಾ ಫೋಟೋದಲ್ಲೂ ಒಂದೇ ಸಾಲಿನಲ್ಲಿ ಚುಕ್ಕೆ ಬರುತ್ತಿದ್ದರೆ ರೋಲರ್ ಮೇಲೆ ಕೊಳೆ ಕೂತಿದೆ ಅಂತ. ಪ್ಯಾಕ್ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನಡುವೆ ಮುಚ್ಚಳ ತೆರೆದರೆ ಉಳಿದ ಹಾಳೆಗಳಿಗೆ ಬೆಳಕು ಹೊಡೆಯಿತು ಅಂತಲೇ. ಮಗಳು ಒಮ್ಮೆ 'ಎಷ್ಟು ಉಳಿದಿದೆ ನೋಡೋಣ' ಅಂತ ತೆರೆದಳು. ಕ್ಯಾಮೆರಾದ ಹಿಂದೆಯೇ ನಂಬರ್ ಬರೆದಿರುತ್ತದೆ!

ಸೆಕೆಯೂ ಲೆಕ್ಕಕ್ಕೆ ಬರುತ್ತದೆ. ಇನ್‌ಸ್ಟಾಕ್ಸ್ ಹಾಳೆಗೆ 5ರಿಂದ 40 ಡಿಗ್ರಿ ನಡೆಯುತ್ತದೆ. ಪೋಲರಾಯ್ಡ್ ನಾಜೂಕು, 13ರಿಂದ 28 ಡಿಗ್ರಿ ಬೇಕು ಅನ್ನುತ್ತಾರೆ. ಅಂದರೆ ನಮ್ಮ ಮೇ ತಿಂಗಳಿಗೆ ಅದು ಹುಟ್ಟಿದ್ದೇ ಅಲ್ಲ. ಬಿಸಿಗೆ ಹಳದಿ ಕೆಂಪಿನ ಕಡೆ ವಾಲುತ್ತದೆ, ಚಳಿಗೆ ಹಸಿರು ನೀಲಿಯ ಕಡೆ. ಅದರ ಪ್ಯಾಕಿನಲ್ಲಿ ಬರೀ 8 ಹಾಳೆ, ಬೆಲೆ ಕೇಳಬೇಡಿ. ಗೆಳೆಯನ ಕ್ಯಾಮೆರಾದಲ್ಲಿ ಏಪ್ರಿಲ್‌ನಲ್ಲಿ ಪಣಜಿಯ ಫೊಂತೈನ್ಹಾಸ್ ಗಲ್ಲಿಯ ನೀಲಿ ಮನೆ ತೆಗೆದೆವು. ಮನೆ ಕಾಮಾಲೆ ಬಂದವರ ಹಾಗೆ ಕಂಡಿತು.

ಪುಣೆ ಜೂನಾ ಬಜಾರ್

ಪೋಲರಾಯ್ಡ್ ಮಾತು ಬಂತು ಅಂತ ಹೇಳುತ್ತೇನೆ. 1943ರಲ್ಲಿ ಆ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ಸಂಸಾರ ಸಮೇತ ಸಾಂತಾ ಫೆಗೆ ರಜಕ್ಕೆ ಹೋಗಿದ್ದರು. ತೆಗೆದ ಫೋಟೋ ಈಗಲೇ ಯಾಕೆ ನೋಡಬಾರದು ಅಂತ ಅವರ ಮೂರು ವರ್ಷದ ಮಗಳು ಕೇಳಿದಳು. 1947ರಲ್ಲಿ ತೋರಿಸಿದರು, 1948ರಲ್ಲಿ ಅಂಗಡಿಗೆ ಬಂತು. ಆ ಮನುಷ್ಯ ತಪ್ಪಿಗೆ ಜಾಗ ಕೊಡುವವರೇ ಅಲ್ಲ, ಎಲ್ಲ ನಿಖರವಾಗಿ ಬರಲಿ ಅಂತ ದುಡಿದವರು. ತಪ್ಪಿನ ಕಾಲ ಬಂದದ್ದು ಆಮೇಲೆ. 2008ರಲ್ಲಿ ಕಂಪನಿ ಫಿಲ್ಮ್ ನಿಲ್ಲಿಸಿತು. ನೆದರ್ಲೆಂಡ್ಸಿನ ಎನ್‌ಸ್ಕೆಡೆ ಊರಿನ ಕಾರ್ಖಾನೆಯನ್ನು ಕೆಲವರು ಉಳಿಸಿಕೊಂಡರು. ಹಳೇ ರಸಾಯನ ಸಿಗುವಂತಿರಲಿಲ್ಲ, ಎಲ್ಲ ಹೊಸದಾಗಿ ಹುಡುಕಬೇಕಾಯಿತು. 2010ರಲ್ಲಿ ಬಂದ ಅವರ ಮೊದಲ ಹಾಳೆಗಳು ಬೆಳಕಿಗೆ ಹೆದರುತ್ತಿದ್ದವು. ಹೊರಬರುವಾಗಲೇ ಅಂಗೈಯಲ್ಲಿ ಮುಚ್ಚಿಕೊಳ್ಳಬೇಕು. ಜನ ಆದರೂ ಕೊಂಡರು. ಕೊಳ್ಳದಿದ್ದರೆ ಇವತ್ತಿನ ಹಾಳೆ ಇರುತ್ತಿರಲಿಲ್ಲ.

ಚೆಂಬೂರ್ ಕೆಮಿಸ್ಟ್ರಿ ಟೀಚರ್

ತಪ್ಪಿನ ಮಾತು ನಡೆದಿದೆಯಲ್ಲ, ನನ್ನದೂ ಒಂದು ಸೇರಿಸಿ. ನಾನು ಬ್ಲಾಕ್ ಅಂಡ್ ವೈಟ್ ರೋಲನ್ನು ಮನೆಯಲ್ಲೇ ಕಾಫಿಯಲ್ಲಿ ಡೆವಲಪ್ ಮಾಡುತ್ತೇನೆ. ತಮಾಷೆ ಅಲ್ಲ. ಕೆಫೆನಾಲ್ ಅಂತಾರೆ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ವಿದ್ಯಾಲಯದ ಒಂದು ತರಗತಿಯಲ್ಲಿ ಶುರುವಾದ ಪ್ರಯೋಗ. ಒಂದು ಲೀಟರ್ ನೀರಿಗೆ ವಾಷಿಂಗ್ ಸೋಡಾ (ನೀರಂಶ ಇಲ್ಲದ ಪುಡಿ) 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಆಮೇಲೆ ಚಿತ್ರ ಅಳಿಯದ ಹಾಗೆ ನಿಲ್ಲಿಸುವ ಮಾಮೂಲಿ ಹೈಪೋ.

ಮೊದಲ ಸಲ ನಾನು ಅಡುಗೆ ಸೋಡಾ ಹಾಕಿದೆ. ಕೆಮಿಸ್ಟ್ರಿ ಪಾಠ ಮಾಡುವವಳು! ಅಡುಗೆ ಸೋಡಾದ ಕ್ಷಾರ ಸಾಲುವುದಿಲ್ಲ, ಡೆವಲಪರ್ ಏಳಲೇ ಇಲ್ಲ. 12 ಫ್ರೇಮ್ ಗಾಜಿನ ಹಾಗೆ ಖಾಲಿ. ಎರಡನೇ ಸಲ ವಾಷಿಂಗ್ ಸೋಡಾನೇ ತಂದೆ, ಆದರೆ ಹರಳಿನದ್ದು. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ, ಹಾಗಾಗಿ ಸುಮಾರು 2.7 ಪಟ್ಟು ಬೇಕು. ಚಿತ್ರ ಬಂತು, ಮಂಜಿನಲ್ಲಿ ಬಂದ ಹಾಗೆ. ಮೂರನೇ ಸಲ ಮೇ ತಿಂಗಳು, ನಲ್ಲಿ ನೀರೇ 30 ಡಿಗ್ರಿ. ಐಸ್ ಹಾಕಿ ತಣಿಸಿದೆ. ಆವತ್ತು ಬಂದ ಬಾಣಗಂಗಾ ಕೊಳದ ಫೋಟೋ ಈಗ ಹಾಲ್‌ನಲ್ಲಿದೆ. ಕಾಫಿ ಕಲೆಯಿಂದ ನೆಗೆಟಿವ್ ಕಂದು ಬಣ್ಣ.

ಒಂದು ಎಚ್ಚರಿಕೆ: ಮಾಟುಂಗಾದಿಂದ ತಂದ ಒಳ್ಳೆ ಫಿಲ್ಟರ್ ಕಾಫಿ ಪುಡಿ ವೇಸ್ಟ್ ಮಾಡಬೇಡಿ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫೀಕ್ ಆಮ್ಲ. ಅಗ್ಗದ ಇನ್‌ಸ್ಟಂಟ್ ಪುಡಿಯೇ ಸರಿ. ವಾಸನೆ ಮಾತ್ರ ಅಸಹ್ಯ. ನಮ್ಮ ಅತ್ತೆ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಸ್ಟುಡಿಯೋ ಮಾಮ, ಡೊಂಬಿವಲಿ

ಟೀಚರ್, ನಿಮ್ಮದು ಒಪ್ಪಿದೆ. ಎರಡು ಸಲ ತಪ್ಪಿದರೂ ಯಾಕೆ ತಪ್ಪಿತು ಅಂತ ಹುಡುಕಿದಿರಿ. ನನ್ನ ಸಿಟ್ಟು ಹುಡುಕದವರ ಮೇಲೆ.

ನಾನೂ ಕಲಿತದ್ದು ಡಬ್ಬ ಕ್ಯಾಮೆರಾದಲ್ಲೇ. ಅಗ್ಫಾ ಕ್ಲಿಕ್ 3, ನಮ್ಮ ದೇಶದಲ್ಲೇ ತಯಾರಾದದ್ದು, ಇದೇ 120 ರೋಲ್, ಇದೇ 12 ಫೋಟೋ. ಊರಿನಲ್ಲಿ ಅರ್ಧ ಮನೆಗಳ ಗೋಡೆಯ ಮೇಲಿನ ಅಜ್ಜ ಅಜ್ಜಿಯರು ಅದರಿಂದಲೇ ಬಂದವರು. ಸೂರ್ಯ ಬೆನ್ನಿಗೆ ಇರಲಿ, ಉಸಿರು ಹಿಡಿ, ಒತ್ತು. ಆಗ ಅದು ಆಟಿಕೆ ಅಂತ ಯಾರೂ ಹೇಳಲಿಲ್ಲ.

ಇನ್ನೊಂದು ಹೇಳಬೇಕು, ಹೇಳುವುದೋ ಬೇಡವೋ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೆ. ಸ್ಟುಡಿಯೋ ಮುಚ್ಚುವಾಗ ರಿಜೆಕ್ಟ್ ಪ್ರಿಂಟುಗಳ ಒಂದು ಡಬ್ಬ ಮನೆಗೆ ತಂದಿದ್ದೆ. ಹೋದ ವರ್ಷ ಒಬ್ಬ ಹುಡುಗ ಬಂದ. ನಾನು 1996ರಲ್ಲಿ ಅವನ ಅಪ್ಪ ಅಮ್ಮನ ಮದುವೆ ತೆಗೆದಿದ್ದೆ. ಅಜ್ಜ ತೀರಿಕೊಂಡಿದ್ದಾರೆ, ಅವರ ಫೋಟೋ ಏನಾದರೂ ಉಳಿದಿದೆಯಾ ಅಂತ ಕೇಳಿದ. ಆಲ್ಬಮ್‌ನಲ್ಲಿ ಅಜ್ಜನೇ ಇಲ್ಲ. ಇಡೀ ದಿನ ಅಡುಗೆಯ ಕಡೆ, ಬಡಿಸುವ ಕಡೆ ಓಡಾಡಿದ ಮನುಷ್ಯ, ಸ್ಟೇಜಿಗೆ ಬರಲೇ ಇಲ್ಲ. ಡಬ್ಬದಲ್ಲಿ ಹುಡುಕಿದೆವು. ಪಂಕ್ತಿಯ ಒಂದು ಫೋಟೋ ಸಿಕ್ಕಿತು. ಆ ಮನುಷ್ಯ ಸಾರಿನ ಬಕೆಟ್ ಹಿಡಿದು ಅಡ್ಡ ಬಂದರು ಅಂತ ನಾನೇ ರಿಜೆಕ್ಟ್ ಮಾಡಿದ್ದು. ಮುಖ ಅರ್ಧ ಅಲುಗಾಡಿದೆ, ಬಕೆಟ್ ಮಾತ್ರ ಸ್ಪಷ್ಟ. ಹುಡುಗ ಅದನ್ನೇ ದೊಡ್ಡದು ಮಾಡಿಸಿಕೊಂಡು ಹೋದ.

ಇದರಿಂದ ನೀವು ಗೆದ್ದಿರಿ ಅಂತ ತಿಳಿಯಬೇಡಿ. ಅವನು ತೊಗೊಂಡದ್ದು ಫೋಟೋ ಕೆಟ್ಟಿದೆ ಅಂತ ಅಲ್ಲ, ಅಜ್ಜ ಇದ್ದಾರೆ ಅಂತ.

ಪುಣೆ ಜೂನಾ ಬಜಾರ್

ಆದರೆ ಮಾಮಾ, ರಿಜೆಕ್ಟ್ ಮಾಡಿದ್ದನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡಿರಿ?

ಸ್ಟುಡಿಯೋ ಮಾಮ, ಡೊಂಬಿವಲಿ

ಹಿಂಬದಿ ಖಾಲಿ ಇತ್ತಲ್ಲ. ಹಾಲಿನ ಲೆಕ್ಕ ಬರೆಯಲು.

ಮಡಗಾಂವ್ ಮೀನುಸಾರು

ಅಜ್ಜನ ಹಿಂದೆ ಹಾಲಿನ ಲೆಕ್ಕ ಇತ್ತಾ?

ಸ್ಟುಡಿಯೋ ಮಾಮ, ಡೊಂಬಿವಲಿ

ಅದರ ಹಿಂದೆ ಬರೆದಿರಲಿಲ್ಲ.

ಘಾಟ್‌ಕೋಪರ್ ಗುಬ್ಬಿ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಾಮ, ನಿಮ್ಮ ಮಾತು ಒಪ್ಪುತ್ತೇನೆ. ಕಪ್ಪು ಫ್ರೇಮ್ ಎರಡನ್ನೂ ಕತ್ತರಿಸಿ ಎಸೆದೆ. ಅಲುಗಾಡಿದ ಮೂರೂ ಎಸೆಯಲು ಹೋದೆ, ಒಂದರಲ್ಲಿ ಅಮ್ಮ ಹೂವಿನವನ ಜೊತೆ ಚೌಕಾಸಿ ಮಾಡುತ್ತಾ ಕೈ ಬೀಸಿದ್ದು ಕಂಡಿತು. ಅದು ಉಳಿಯಿತು. ಅವಳು ಚೌಕಾಸಿ ಮಾಡುವುದೇ ಹಾಗೆ, ಸ್ಪಷ್ಟವಾಗಿ ತೆಗೆದಿದ್ದರೆ ಬೇರೆ ಯಾರೋ ಅನ್ನಿಸುತ್ತಿತ್ತು.

ಎರಡನೇ ರೋಲ್ ಹಾಕಿದ್ದೇನೆ. 'ಬಿ' ಗುಂಡಿಯ ಮೇಲೆ ಟೇಪ್ ಹಚ್ಚಿದೆ, ಸ್ಪೂಲಿನ ಕೆಳಗೆ ರಟ್ಟು ಇಟ್ಟೆ. ಕ್ಯಾಪನ್ನು ಮನೆಯಲ್ಲೇ ಬಿಟ್ಟೆ. ಎರಡು ಸಲ ಒತ್ತುವುದಕ್ಕೆ ಮಾತ್ರ ಏನೂ ಮಾಡಿಲ್ಲ.

ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ಫೈವ್ ಗಾರ್ಡನ್ಸ್‌ಗೆ ಬರುವವರು ಹೇಳಿ. ಮುಗಿದ ಮೇಲೆ ಕಿಂಗ್ಸ್ ಸರ್ಕಲ್ ಕಡೆ ಇಡ್ಲಿ.

ಐರೋಲಿ ಐಟಿ

ಫೋನ್ ತರಬಹುದಾ?

ಚೆಂಬೂರ್ ಕೆಮಿಸ್ಟ್ರಿ ಟೀಚರ್

ತನ್ನಿ. ಬೆಳಕು ಎಷ್ಟಿದೆ ನೋಡಲು ಮೀಟರ್ ಬೇಕಲ್ಲ, ಫೋನೇ ಸಾಕು. ಒಂದು ಬ್ಲಾಕ್ ಅಂಡ್ ವೈಟ್ ರೋಲ್ ನಾನು ತರುತ್ತೇನೆ. ಕಾಫಿ ನನ್ನದು, ಕುಡಿಯುವುದಕ್ಕಲ್ಲ.

ಸ್ಟುಡಿಯೋ ಮಾಮ, ಡೊಂಬಿವಲಿ

ಬರುತ್ತೇನೆ. ಕ್ಯಾಪ್ ತೆಗೆದಿದ್ದೀರಾ ಅಂತ ನೋಡಲು ಒಬ್ಬರು ಬೇಕಲ್ಲ. ಬಟ್ಟೆಯ ಟೇಪ್ ನನ್ನ ಹತ್ತಿರ ಅರ್ಧ ಸುರುಳಿ ಇದೆ.

ಕಲ್ಯಾಣ್ ಸ್ಲೋ

ಭಾನುವಾರ ಲೋಕಲ್ ಟ್ರೈನಿಗೆ ಮೆಗಾ ಬ್ಲಾಕ್ ಇರುತ್ತೆ (ರಿಪೇರಿಗೆ ಹಳಿ ಬಂದ್), ನೋಡಿಕೊಳ್ಳಿ. ನಾನು ಹೇಗೂ ಸ್ಲೋ. ಇಡ್ಲಿ ಹೊತ್ತಿಗೆ ಬರುತ್ತೇನೆ.